ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ

ಟಾರ್ಪನ್ ಸ್ಪ್ರಿಂಗ್ಸ್, ಫ್ಲಾರಿಡಾ
೧ ಫೆಬ್ರುವರಿ ೨೦೧೦

ಅಕ್ಕ ತೆಮೆಲಿನಾಳಿಗೆ ತಮ್ಮ ಸ್ಕೇವೊಸ್ ಮಾಡುವ ನಮಸ್ಕಾರಗಳು.

ಈಸ್ಟರ್ ಇನ್ನೂ ದೂರವಿದೆ, ಆದರೂ ಪತ್ರ ಬಂತಲ್ಲ ಎಂದು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಡಿಸೆಂಬರಿನಲ್ಲಿ ಒಬ್ಬ ಸಾಯುವುದರಲ್ಲಿದ್ದ, ಅದು ನಾನೇ. ಸ್ಪಂಜಿನ ಅಂಗಡಿಯ ಹಿಂದೆ ಬಿದ್ದಿದ್ದೆನಂತೆ, ತುಟಿ ನೀಲಿಯಾಗಿತ್ತಂತೆ. ಆಂಬುಲೆನ್ಸಿನವರು ಮೂಗಿಗೆ ಏನೋ ಹೊಡೆದು ಎಬ್ಬಿಸಿದರು. ಇನ್ನೊಂದು ಸಲ ಹೀಗಾದರೆ ಎಬ್ಬಿಸಲು ಯಾರೂ ಹತ್ತಿರ ಇರದೇ ಹೋಗಬಹುದು ಎಂದು ಡಾಕ್ಟರಮ್ಮ ಹೇಳಿದಳು.

ಸೊಂಟದ ನೋವಿಗೆ ಮಾತ್ರೆ ನುಂಗುತ್ತೇನೆ ಎಂದು ಹನ್ನೊಂದು ವರ್ಷದಿಂದ ನಿನಗೆ ಬರೆಯುತ್ತಿದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸ್ಪಂಜು ಕೀಳಲು ಕಡಲಿಗೆ ಇಳಿದು ಇಳಿದು ಸೊಂಟದ ಮೂಳೆ ಸತ್ತಿರುವುದು ನಿಜ. ಈಗ ಕಡಲಿಗೆ ಹೋಗುವುದಿಲ್ಲ, ಅಂಗಡಿಯಲ್ಲಿ ಕೂತು ಕತ್ತರಿಯಲ್ಲಿ ಸ್ಪಂಜಿನ ಅಂಚು ತಿದ್ದುತ್ತೇನೆ. ಆದರೆ ಮಾತ್ರೆ ಈಗ ನೋವಿಗಲ್ಲ. ಅದು ಅಫೀಮಿನ ಜಾತಿಯದು. ಹೊತ್ತಿಗೆ ಸರಿಯಾಗಿ ಸಿಗದಿದ್ದರೆ ಹುಚ್ಚನಾಗುತ್ತೇನೆ. ನನ್ನ ಹೆಂಡತಿ ಓಹಾಯೋದಲ್ಲಿರುವ ತನ್ನ ಅಣ್ಣನ ಮನೆಗೆ ಹೋದದ್ದು ತಂದೆಯ ಆರೈಕೆಗಲ್ಲ, ನನ್ನ ಕೈಯಿಂದ ತಪ್ಪಿಸಿಕೊಳ್ಳುವುದಕ್ಕೆ. ಇದನ್ನು ಮನೆಯವರೊಬ್ಬರಿಗೆ ತಿಳಿಸಬೇಕು ಎಂದು ಡಾಕ್ಟರಮ್ಮ ಹಟ ಹಿಡಿದಳು. ನನಗೆ ಉಳಿದವಳು ನೀನೊಬ್ಬಳೇ. ಫೋನ್ ಮಾಡೋಣವೆಂದರೆ ನಿಮ್ಮ ಮನೆಯ ಫೋನ್ ಭಾವನ ಮಂಚದ ಪಕ್ಕದಲ್ಲಿದೆ. ಅವರ ದನಿ ಕೇಳುವ ಧೈರ್ಯ ನನಗೆ ಇವತ್ತಿಗೂ ಇಲ್ಲ.

ಒಂದು ಹೊಸ ಔಷಧಿ ಇದೆ, ನಾಲಿಗೆಯ ಕೆಳಗೆ ಇಟ್ಟುಕೊಳ್ಳುವುದು. ಅದನ್ನು ಶುರು ಮಾಡುವುದೇ ಕಷ್ಟವಂತೆ. ಹಳೆಯ ಮಾತ್ರೆ ಮೈಯೊಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತದೆ. ಹೊಸದು ಒರಟ, ಬಂದ ಕೂಡಲೇ ಕೂತವರನ್ನೆಲ್ಲ ತಳ್ಳಿ ತಾನು ಕೂರುತ್ತದೆ. ಹಳೆಯದು ತಾನಾಗಿ ಎದ್ದು ಹೋಗುವ ತನಕ ಕಾಯಬೇಕು. ಕಾಯದಿದ್ದರೆ ನಾಲ್ಕು ದಿನಕ್ಕೆ ಹಂಚಿ ಬರಬೇಕಾದ ಸಂಕಟವೆಲ್ಲ ಅರ್ಧ ಗಂಟೆಯಲ್ಲಿ ಬರುತ್ತದೆ. ಅದಕ್ಕೇ ಕೊನೆಯ ಮಾತ್ರೆ ಯಾವುದು, ಎಷ್ಟು ಹೊತ್ತಿಗೆ ನುಂಗಿದೆ ಎಂದು ನಿಜ ಹೇಳಬೇಕು. ಆಕಳಿಕೆ, ಮೂಗು ಸೋರುವುದು, ಮೈ ನಡುಕ ಎಲ್ಲ ಶುರುವಾದ ಮೇಲೆ ಬಾ ಎಂದಿದ್ದಾಳೆ. ಮಾರ್ಚ್ ಎರಡಕ್ಕೆ ಹೋಗಬೇಕು.

ಒಂದೇ ತೊಂದರೆ. ಆ ಕ್ಲಿನಿಕ್ಕಿನ ಕಿಟಕಿಯಲ್ಲಿ ಕೂತು ಹೆಸರು ಬರೆದುಕೊಳ್ಳುವವಳು ಕಲೊತೀನಾ, ನಿಮ್ಮ ಪಕ್ಕದ ಮನೆಯ ಫೋತಿನಿಯ ಮಗಳು.

ನಿನ್ನ ತಮ್ಮ
ಸ್ಕೇವೊಸ್


ಪೋಥಿಯಾ, ಕಾಲಿಮ್ನೊಸ್
೧೩ ಫೆಬ್ರುವರಿ ೨೦೧೦

ಸ್ಕೇವೊ,

ನಿನ್ನ ಪತ್ರ ಓದಿ ಒಲೆಯ ಮೇಲಿದ್ದ ಕಡಲೆ ಸೀದುಹೋಯಿತು. ನಿನ್ನ ಭಾವನಿಗೆ ಓದಿ ಹೇಳಿಲ್ಲ. ಏನು ಬರೆದಿದ್ದಾನೆ ಎಂದು ಕೇಳಿದರು, ಸೊಂಟದ ಆಪರೇಷನ್ ಎಂದೆ. ನೀನೂ ಇನ್ನು ಮುಂದೆ ಎಲ್ಲರಿಗೂ ಅದನ್ನೇ ಹೇಳು.

ನಮ್ಮ ಮನೆತನದಲ್ಲಿ ಕಡಲಲ್ಲಿ ಸತ್ತವರಿದ್ದಾರೆ, ಕುಡಿದು ಸತ್ತವರಿದ್ದಾರೆ. ಮಾತ್ರೆ ನುಂಗಿ ಅಂಗಡಿಯ ಹಿಂದೆ ಬಿದ್ದವನು ನೀನೇ ಮೊದಲನೆಯವನು. ಒಳ್ಳೆಯದಾಗಲಿ, ಹೋಗು, ಔಷಧಿ ತಗೋ. ಬೇಡ ಅನ್ನುವುದಿಲ್ಲ. ಆದರೆ ಫೋತಿನಿಯ ಮಗಳ ಮುಂದೆ ಆಕಳಿಸುತ್ತಾ ಮೂಗು ಸೋರಿಸಿಕೊಂಡು ನಿಲ್ಲಬೇಡ. ಅವಳು ಭಾನುವಾರ ಭಾನುವಾರ ತಾಯಿಗೆ ಫೋನ್ ಮಾಡುತ್ತಾಳೆ. ಫೋತಿನಿ ಸೋಮವಾರ ಬೇಕರಿಯಲ್ಲಿ ನಿಂತರೆ ಮಂಗಳವಾರ ದ್ವೀಪಕ್ಕೆಲ್ಲ ಗೊತ್ತು. ಗಡ್ಡ ಹೆರೆದುಕೋ, ಇಸ್ತ್ರಿ ಹಾಕಿದ ಅಂಗಿ ತೊಡು, ನೆಟ್ಟಗೆ ನಿಲ್ಲು. ಅಪ್ಪ ಮುರಿದ ತೋಳಿನಲ್ಲಿ ಬಂದರಿನ ಉದ್ದಕ್ಕೂ ನಗುತ್ತಾ ನಡೆದು ಬಂದಿದ್ದರು, ಮರೆತೆಯಾ?

ಹೊತ್ತಿನ ವಿಷಯ ಬರೆದಿದ್ದೀಯ. ಹೊತ್ತು ತಪ್ಪಿದರೆ ಏನಾಗುತ್ತದೆ ಎಂದು ನಿನಗೆ ಡಾಕ್ಟರು ಹೇಳಿಕೊಡಬೇಕಾಗಿಲ್ಲ. ಆ ದಿನ ದೋಣಿಯ ಮೇಲೆ ಭಾವನ ಉಸಿರಿನ ಕೊಳವೆಯೂ ಗಡಿಯಾರವೂ ನಿನ್ನ ಕೈಯಲ್ಲಿದ್ದವು. ನಿನ್ನ ಭಾವನನ್ನು ಹೆಚ್ಚು ಹೊತ್ತು ನೀರಿನಡಿ ಬಿಟ್ಟದ್ದಕ್ಕೆ ಇಪ್ಪತ್ತೇಳು ವರ್ಷದಿಂದ ನಾನು ಅವರ ಸ್ವಾಧೀನವಿಲ್ಲದ ಕಾಲು ಎತ್ತಿ ಇಟ್ಟು ಮಾಡುತ್ತಿದ್ದೇನೆ. ಬರೆಯಬಾರದಿತ್ತು, ಬರೆದುಬಿಟ್ಟೆ.

ಬಾರ್ಲಿ ರಸ್ಕು, ಜೇನು ಕಳಿಸಿದ್ದೇನೆ.

ತೆಮೆಲಿನಾ


ಟಾರ್ಪನ್ ಸ್ಪ್ರಿಂಗ್ಸ್
೮ ಮಾರ್ಚ್ ೨೦೧೦

ಅಕ್ಕ,

ಜೇನು ಬಂತು. ಔಷಧಿ ಆಗಲಿಲ್ಲ. ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಮಾಡಿದೆ, ಆದರೂ ಅದು ವಿಷವಾಯಿತು. ಎಲ್ಲರ ಮೈಗೂ ಎಲ್ಲ ಔಷಧಿ ಒಗ್ಗುವುದಿಲ್ಲವಲ್ಲ. ಮತ್ತೆ ಹಳೆಯ ಮಾತ್ರೆಗೇ ಬಂದಿದ್ದೇನೆ, ಈಗ ಸ್ವಲ್ಪ ಹೆಚ್ಚೇ ಬೇಕಾಗುತ್ತಿದೆ. ಡಾಕ್ಟರಮ್ಮ ಮೂರು ಸಲ ಫೋನ್ ಮಾಡಿದಳು, ನಾನು ಎತ್ತಲಿಲ್ಲ. ಚಿಂತೆ ಮಾಡಬೇಡ. ಅಂಗಿ ಇಸ್ತ್ರಿ ಹಾಕಿದ್ದೇ ಆಗಿತ್ತು.

ನಾನಿರುವ ದೋಣಿಮನೆಯ ಇನ್ನೊಂದು ಬೀಗದ ಕೈಯನ್ನು ಅಂಗಡಿಯ ಯಜಮಾನನಿಗೆ ಕೊಟ್ಟಿದ್ದೇನೆ. ಅಪ್ಪನ ಚಾಕು ಮತ್ತು ಸಂತರ ಐಕಾನ್ ಪಟ ಡಬ್ಬಿಯಲ್ಲಿವೆ, ಮೇಲೆ ನಿನ್ನ ವಿಳಾಸ ಬರೆದಿದ್ದೇನೆ. ಸುಮ್ಮನೆ ಹೇಳಿದೆ.

ಸ್ಕೇವೊಸ್


ಪೋಥಿಯಾ
೨೨ ಮಾರ್ಚ್ ೨೦೧೦

ಸ್ಕೇವೊ,

ಒಗ್ಗದಿದ್ದರೆ ಬಿಟ್ಟುಬಿಡು. ನಮ್ಮ ಕಾಲದಲ್ಲಿ ಇಂಥವೆಲ್ಲ ಇರಲಿಲ್ಲ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡಿಕೊಂಡು ಬಾ, ಮನಸ್ಸು ಗಟ್ಟಿ ಮಾಡಿಕೋ ಎಂದು ಬರೆಯೋಣ ಎಂದು ಕೂತಿದ್ದೆ. ಐಕಾನ್ ಡಬ್ಬಿಯ ಸಾಲು ಎರಡನೆಯ ಸಲ ಓದಿದಾಗ ಎದ್ದು ಪೆಟ್ಟಿಗೆಯಿಂದ ನಿನ್ನ ಮೊದಲ ಪತ್ರ ತೆಗೆದೆ. ನಿನ್ನ ಭಾವ ನೋಡಿಬಿಟ್ಟರು. ಪತ್ರ ತಾ ಎಂದರು. ಎರಡು ಪತ್ರವನ್ನೂ ಓದಿ ಹೇಳಬೇಕಾಯಿತು.

ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. "ಇಳಿಯೋವಾಗ ಮೈಯಲ್ಲಿ ಏನಿತ್ತು ಅಂತ ಕೇಳು ಅವನ್ನ" ಅಂದರು. ಯಾರು ಇಳಿದರು, ಎಲ್ಲಿಗೆ ಇಳಿದರು, ಅವನು ಹೋದದ್ದು ಡಾಕ್ಟರ ಹತ್ತಿರ ಎಂದೆ. "ಅವನಿಗೆ ಅರ್ಥ ಆಗ್ತದೆ, ನೀನು ಬರಿ" ಅಂದರು. ಬರೆದಿದ್ದೇನೆ. ಅವರಿಗೆ ವಯಸ್ಸಾಯಿತು, ಮಾತು ಎಲ್ಲೆಲ್ಲಿಗೋ ಹೋಗುತ್ತದೆ.

ಪತ್ರಕ್ಕೆ ಉತ್ತರ ಬರೆ. ಚಾಕುವೂ ಬೇಡ, ಐಕಾನೂ ಬೇಡ.

ತೆಮೆಲಿನಾ


ಟಾರ್ಪನ್ ಸ್ಪ್ರಿಂಗ್ಸ್
೬ ಏಪ್ರಿಲ್ ೨೦೧೦

ಅಕ್ಕ,

ಈಸ್ಟರಿಗೆ ಚರ್ಚಿಗೆ ಹೋಗಲಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಇದ್ದೆ. ಭಾವನ ಪ್ರಶ್ನೆ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಅವರಿಗೆ ಸುಳ್ಳು ಹೇಳಲು ನನಗೆ ಬಾಯಿಲ್ಲ.

ಹೇಳಿದ ಹಾಗೆ ಮಾಡಲಿಲ್ಲ, ಅಕ್ಕ. ಹಿಂದಿನ ದಿನ ಸಂಜೆಯಿಂದ ಮಾತ್ರೆ ಮುಟ್ಟಬಾರದಿತ್ತು. ಮುಟ್ಟಲಿಲ್ಲ. ಬೆಳಗ್ಗೆ ಕನ್ನಡಿ ಮುಂದೆ ಗಡ್ಡ ಹೆರೆಯಲು ನಿಂತರೆ ಕೈ ನಿಲ್ಲದು, ಮೂಗು ನಿಲ್ಲದು. ಈ ಮುಖ ಹೊತ್ತುಕೊಂಡು ಕಲೊತೀನಾಳ ಕಿಟಕಿಗೆ ಹೇಗೆ ಹೋಗಲಿ ಎನ್ನಿಸಿತು. ಎರಡು ನುಂಗಿದೆ. ಅದೂ ದಿನವಿಡೀ ನಿಧಾನವಾಗಿ ಕರಗುವ ಜಾತಿಯವು. ಆಮೇಲೆ ಕೈ ನಿಂತಿತು. ನೀನು ಹೇಳಿದ ಹಾಗೆ ಗಡ್ಡ ಹೆರೆದು, ಇಸ್ತ್ರಿ ಅಂಗಿ ತೊಟ್ಟು, ನೆಟ್ಟಗೆ ನಡೆದುಹೋದೆ. ಹುಡುಗಿ ಎದ್ದು ನಿಂತು, ಬನ್ನಿ ಮಾವ, ಚೆನ್ನಾಗಿದ್ದೀರಾ ಎಂದಳು. ಚೆನ್ನಾಗಿದ್ದೇನೆ ಎಂದೆ. ನನಗೆ ಎಂಥ ಹೆಮ್ಮೆ.

ಕೊನೆಯ ಮಾತ್ರೆ ಎಷ್ಟು ಹೊತ್ತಿಗೆ ಎಂದು ಡಾಕ್ಟರಮ್ಮ ಕೇಳಿದಳು. ನಿನ್ನೆ ಸಂಜೆ ಆರಕ್ಕೆ ಎಂದೆ. ನಿಮ್ಮನ್ನು ನೋಡಿದರೆ ಹಾಗೆ ಕಾಣುವುದಿಲ್ಲವಲ್ಲ, ಹೊರಗೆ ಕೂತಿರಿ, ಇನ್ನಷ್ಟು ಕಾಯೋಣ ಎಂದಳು. ಕಲೊತೀನಾಳ ಎದುರಿಗೆ ಎರಡು ಗಂಟೆ ಕೂತೆ. ಇನ್ನು ಕೂರಲಾರೆ ಎನ್ನಿಸಿದಾಗ ಒಳಗೆ ಹೋಗಿ ಆಕಳಿಸಿದೆ, ಹೊಟ್ಟೆ ಹಿಡಿದುಕೊಂಡೆ, ನಡುಗಿದೆ. ಡಾಕ್ಟರಮ್ಮ ಕಣ್ಣಿಗೆ ದೀಪ ಹಿಡಿದು ಅನುಮಾನಪಟ್ಟಳು. ಪಾಪೆ ದೊಡ್ಡದಾಗಬೇಕಿತ್ತಂತೆ, ಆಗಿರಲಿಲ್ಲ. ಕಡಲಿನ ಬಿಸಿಲಿಗೆ ಮುಳುಗುಗಾರರ ಕಣ್ಣೇ ಹಾಗೆ ಎಂದೆ. ಮುಳುಗುಗಾರರ ಕಣ್ಣು ಅವಳು ಎಲ್ಲಿ ಕಂಡಿದ್ದಾಳೆ. ಆಣೆ ಇಟ್ಟೆ. ಕೊಟ್ಟಳು.

ಅರ್ಧ ಗಂಟೆಯೂ ಆಗಲಿಲ್ಲ. ಅದನ್ನು ಬರೆಯಲಾರೆ. ಎಲ್ಲ ಕಡೆಯಿಂದಲೂ ಹೋಯಿತು, ಅಕ್ಕ. ಆ ಇಸ್ತ್ರಿ ಬಟ್ಟೆಯಲ್ಲೇ. ನೆಲದ ಮೇಲೆ ಬಿದ್ದು ಒದ್ದಾಡಿದೆ, ಅಮ್ಮನನ್ನು ಕೂಗಿದೆನಂತೆ. ನನ್ನ ಮುಖ ಒರೆಸಿದವಳು ಕಲೊತೀನಾ. ಸೊಂಟಕ್ಕೆ ಕಟ್ಟಿಕೊಳ್ಳಲು ತನ್ನ ಸ್ವೆಟರ್ ಕೊಟ್ಟವಳೂ ಅವಳೇ. ಇದು ಕಡಿಮೆಯಾಗುತ್ತದೆ, ನಾವು ಇದ್ದೇವೆ, ಬಿಟ್ಟು ಹೋಗಬೇಡಿ ಎಂದು ಡಾಕ್ಟರಮ್ಮ ಹೇಳುತ್ತಲೇ ಇದ್ದಳು, ಸೂಜಿ ಚುಚ್ಚಿದಳು. ನಾನು ಕಾಲು ನಿಂತ ತಕ್ಷಣ ಹಿಂಬಾಗಿಲಿನಿಂದ ಓಡಿದೆ. ಆ ಸ್ವೆಟರ್ ಒಗೆದು ಇಟ್ಟಿದ್ದೇನೆ, ಕೊಡಲು ಹೋಗುವ ಮುಖವಿಲ್ಲ.

ಔಷಧಿಯದು ತಪ್ಪಿಲ್ಲ. ಹೊತ್ತಿನ ಲೆಕ್ಕ ತಪ್ಪುವುದು ನನ್ನ ರಕ್ತದಲ್ಲೇ ಇದೆ. ಆ ದಿನ ದೋಣಿಯಲ್ಲಿ ಹತ್ತೊಂಬತ್ತು ನಿಮಿಷ ಎಂದು ನಾನು ಹೇಳಿದೆ, ಕ್ಯಾಪ್ಟನ್ ನೀನು ತೂಕಡಿಸಿದ್ದೀಯ, ಮೂವತ್ತಾಗಿದೆ ಎಂದರು. ನನಗೆ ತೂಕಡಿಸಿದ ನೆನಪಿಲ್ಲ. ಆದರೆ ಭಾವನ ಕಾಲು ಹೋದದ್ದು ಕಣ್ಣೆದುರಿಗೇ ಇತ್ತಲ್ಲ, ತೂಕಡಿಸಿಯೇ ಇರಬೇಕು. ಭಾವನಿಗೆ ಹೇಳು, ಕ್ಷಮೆ ಕೇಳುವುದಕ್ಕೂ ನಾಚಿಕೆಯಾಗುತ್ತದೆ ಎಂದು. ಕ್ಲಿನಿಕ್ಕಿಗೆ ಇನ್ನು ಹೋಗುವುದಿಲ್ಲ. ಆದದ್ದಾಗಲಿ.

ಸ್ಕೇವೊಸ್


ಪೋಥಿಯಾ
೧೮ ಏಪ್ರಿಲ್ ೨೦೧೦

ಸ್ಕೇವೊ,

ಇದು ನಿನ್ನ ಭಾವ ಸವ್ವಾಸ್ ಹೇಳಿ ಬರೆಸುತ್ತಿರುವುದು. ಮಧ್ಯೆ ಬಾಯಿ ಹಾಕಬೇಡ, ಹೇಳಿದ್ದನ್ನು ಹೇಳಿದ ಹಾಗೇ ಬರಿ ಎಂದಿದ್ದಾರೆ. ನಿನ್ನ ಪತ್ರ ಓದುವಾಗ ಹೊರಗೆ ಹುಡುಗರು ಈಸ್ಟರ್ ಹಬ್ಬಕ್ಕೆ ಸಿಡಿಸಿ ಉಳಿದ ಡೈನಮೈಟ್ ಹೊಡೆಯುತ್ತಿದ್ದರು, ಕಿಟಕಿ ಅದುರುತ್ತಿತ್ತು. ಸ್ವೆಟರಿನ ಮಾತು ಬಂದಾಗ ಸಾಕು ಎಂದು ಕೈ ಎತ್ತಿದರು. ಆಮೇಲೆ ಹೇಳತೊಡಗಿದರು:

"ಸ್ಕೇವೊ, ನಿನ್ನ ಗಡಿಯಾರ ಸರಿಯಾಗೇ ಇತ್ತು. ಹತ್ತೊಂಬತ್ತು ಅಂದ್ಯಲ್ಲ, ಹತ್ತೊಂಬತ್ತೇ. ನೀನು ತೂಕಡಿಸಿಲ್ಲ. ಅವತ್ತು ಬೆಳಗ್ಗೆ, ನೀವೆಲ್ಲ ಇನ್ನೂ ಕಾಫಿ ಕುಡೀತಿದ್ರಿ, ನಾನು ಸಣ್ಣ ದೋಣೀಲಿ ಪಕ್ಕದ ಹಡಗಿಗೆ ಹೋದೆ. ಆ ಹಡಗಿನವರು ನಲವತ್ತು ಮಾರು ಆಳಕ್ಕೆ ಯಾರಪ್ಪ ಇಳೀತಾನೆ ಅಂತ ಹಿಂದಿನ ದಿನ ಆಡಿಕೊಂಡಿದ್ರು. ನಾನು ಇಳಿದೆ. ಸ್ಪಂಜು ತಂದು ಅವರ ಮುಂದೆ ಒಗೆದೆ. ವಾಪಸ್ ಬಂದೆ. ಕ್ಯಾಪ್ಟನ್ ಸರದಿ ನಿಂದು ಅಂದ್ರು. ಈಗ ಆಗಲ್ಲ, ಆಗಲೇ ಒಂದ್ಸಲ ಇಳಿದಿದ್ದೀನಿ ಅನ್ನಬೇಕಿತ್ತು. ಸವ್ವಾಸ್ ಆಗಲ್ಲ ಅಂದ ಅನ್ನೋ ಮಾತು ಬೇಡವಾಗಿತ್ತು ನಂಗೆ. ಹೊಸದಾಗಿ ಇಳಿಯೋನ ಥರ ಇಳಿದೆ. ನಿನ್ನ ಹತ್ತೊಂಬತ್ತು ನಿಮಿಷ ಖಾಲಿ ಮೈಗೆ ಸರಿ. ನನ್ನ ಮೈ ಖಾಲಿ ಇರಲಿಲ್ಲ, ಮೊದಲು ಇಳಿದಾಗಿನ ಗಾಳಿ ಇನ್ನೂ ರಕ್ತದಲ್ಲೇ ಇತ್ತು. ಕ್ಯಾಪ್ಟನ್ ನಿನ್ನ ಬೈತಿದ್ದಾಗ ನನಗೆ ಪ್ರಜ್ಞೆ ಇತ್ತು. ಕೇಳಿಸಿಕೊಂಡೆ. ಸುಮ್ಮನಿದ್ದೆ."

ಇಲ್ಲಿಗೆ ಬರೆದು ಪೆನ್ನು ಇಟ್ಟೆ.

೨೦ ಏಪ್ರಿಲ್

ಎರಡು ದಿನ ನಿನ್ನ ಭಾವನ ಜೊತೆ ಮಾತಾಡಲಿಲ್ಲ. ಗಂಜಿ ಕೊಟ್ಟೆ, ಮೈ ಒರೆಸಿದೆ, ಮಗ್ಗುಲು ತಿರುಗಿಸಿದೆ, ಮಾತಾಡಲಿಲ್ಲ. ಇವತ್ತು ಬೆಳಗ್ಗೆ ಯಾಕೆ ಎಂದು ಕೇಳಿದೆ. ಮೊದಲ ವರ್ಷ ನಾಚಿಕೆಯಿಂದ ಹೇಳಲಿಲ್ಲವಂತೆ. ಆಮೇಲೆ ಹೇಳದೆ ಇದ್ದದ್ದಕ್ಕೇ ನಾಚಿಕೆಯಾಗಿ ಹೇಳಲಿಲ್ಲವಂತೆ. ನೀನು ಅಮೆರಿಕಕ್ಕೆ ಹೋದ ಮೇಲೆ ಇನ್ನು ಯಾರಿಗೆ ಹೇಳುವುದು ಎಂದು ಬಿಟ್ಟನಂತೆ. ಉಳಿದದ್ದನ್ನೂ ಬರಿ ಎಂದ: "ಆ ಹುಡುಗಿ ಮುಂದೆ ಬಟ್ಟೆ ಹೊಲಸಾಯ್ತು, ಅಷ್ಟೇ ತಾನೆ. ಒಗೆದರೆ ಹೋಗ್ತದೆ. ನಿಜ ಹೇಳದೆ ನಾನು ಕಳಕೊಂಡದ್ದನ್ನ ನೋಡು. ಎದ್ದು ಹೋಗು, ಮೈಯಲ್ಲಿ ಏನಿದೆ ಅಂತ ಹೇಳು."

ಕಲೊತೀನಾ ತಾಯಿಗೆ ಏನೂ ಹೇಳಿಲ್ಲ. ಆರು ವಾರದಿಂದ ಫೋತಿನಿಯ ಮುಖ ನೋಡುತ್ತಿದ್ದೇನೆ, ಅವಳು ನಿನ್ನ ಸೊಂಟದ ಆಪರೇಷನ್ ಹೇಗಾಯಿತು ಎಂದೇ ಕೇಳುತ್ತಾಳೆ. ನಾನು ಆ ಹುಡುಗಿಗೆ ಹೆದರಿಕೊಂಡು ನಿನಗೆ ಗಡ್ಡ ಹೆರೆದುಕೋ ಎಂದು ಬರೆದೆ. ನಿನ್ನ ಕೈಗೆ ಆ ಎರಡು ಮಾತ್ರೆ ಕೊಟ್ಟವಳು ನಾನೇ.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ನಾನೂ ಅವನೂ ಒಂದೇ. ಅಮ್ಮ ಕಾಯಿಲೆಯಲ್ಲಿ ಮಲಗಿದ್ದ ಆ ಚಳಿಗಾಲ ನೀನು ಅವಳಿಗೆ ಮೂರು ಪತ್ರ ಬರೆದಿದ್ದೆ. ಅವಳಿಗೆ ಓದು ಬರುತ್ತಿರಲಿಲ್ಲ. ಸ್ಕೇವೊಸ್ ಬರೆದನಾ ಎಂದು ದಿನಾ ಕೇಳುತ್ತಿದ್ದಳು. ಇಲ್ಲಮ್ಮ ಎನ್ನುತ್ತಿದ್ದೆ. ಮಂಚದ ಮೇಲೆ ಗಂಡ, ಪಕ್ಕದ ಕೋಣೆಯಲ್ಲಿ ಅಮ್ಮ, ನನಗೆ ನಿನ್ನ ಮೇಲೆ ಅಷ್ಟು ದ್ವೇಷವಿತ್ತು. ಮೂರನ್ನೂ ಒಲೆಗೆ ಹಾಕಿದೆ. ನಿನ್ನ ಪತ್ರ ಬರಲಿಲ್ಲ ಎಂದುಕೊಂಡೇ ಅವಳು ಹೋದಳು.

ನಿನ್ನ ತಪ್ಪೇ ಇರಲಿಲ್ಲ, ಸ್ಕೇವೊ.

ತೆಮೆಲಿನಾ


ಟಾರ್ಪನ್ ಸ್ಪ್ರಿಂಗ್ಸ್
೧೦ ಮೇ ೨೦೧೦

ಅಕ್ಕ,

ನಿನ್ನ ಪತ್ರ ಮೇ ಮೂರರಂದು ಬಂತು. ಭಾವನ ಮಾತು ಓದಿ ನನಗೆ ಹಗುರವಾಗಲಿಲ್ಲ. ಮೊದಲು ನಗು ಬಂತು, ಆಮೇಲೆ ಕುರ್ಚಿ ಎತ್ತಿ ಗೋಡೆಗೆ ಹೊಡೆದೆ. ಇಪ್ಪತ್ತೇಳು ವರ್ಷ ನಾನು ಗಡಿಯಾರ ಕಟ್ಟಿಲ್ಲ, ಗೊತ್ತಾ? ಇಲ್ಲಿ ಯಾರ ಕೊಳವೆಯನ್ನೂ ಹಿಡಿದಿಲ್ಲ. ನಾನೇ ಇಳಿಯುತ್ತೇನೆ, ಮೇಲೆ ನಿಲ್ಲುವುದಿಲ್ಲ ಎಂದು ಹಟ ಮಾಡಿ ಇಳಿದು ಇಳಿದೇ ಸೊಂಟ ಹೋಯಿತು. ಅಮ್ಮನ ಭಾಗ ಓದಿದ ಮೇಲೆ ಆರು ಮಾತ್ರೆ ನುಂಗಿದೆ. ಏಳದಿದ್ದರೂ ಆದೀತು ಎಂದುಕೊಂಡೇ ನುಂಗಿದೆ. ಇದನ್ನು ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ, ನಡೆದದ್ದು ಇದು.

ಎದ್ದೆ. ಬೆಳಕಾಗಿತ್ತು. ಅಂಗಿ ಬದಲಿಸಲಿಲ್ಲ, ಗಡ್ಡ ಹೆರೆಯಲಿಲ್ಲ. ಸ್ವೆಟರ್ ಕಂಕುಳಲ್ಲಿ ಇಟ್ಟುಕೊಂಡು ಕ್ಲಿನಿಕ್ಕಿಗೆ ಹೋದೆ. ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು, ಅದರಲ್ಲಿ ಇಬ್ಬರು ನಮ್ಮ ಚರ್ಚಿನವರು. ಕಲೊತೀನಾ ನನ್ನನ್ನು ನೋಡಿ ಒಳಗೆ ಬನ್ನಿ ಮಾವ, ಅಲ್ಲಿ ಮಾತಾಡೋಣ ಎಂದು ದನಿ ತಗ್ಗಿಸಿದಳು. ಬೇಡ, ಇಲ್ಲೇ ಕೇಳು ಎಂದೆ. ಅವಳು ನಮ್ಮೂರ ಮಾತಿನಲ್ಲೇ ಕೇಳಿದಳು.

"ಕೊನೇ ಮಾತ್ರೆ ಎಷ್ಟು ಹೊತ್ತಿಗೆ, ಮಾವ?"

"ನಿನ್ನೆ ಸಂಜೆ ಏಳಕ್ಕೆ. ಆರು. ನಿಧಾನ ಕರಗೋ ಜಾತಿಯವು. ಹೋದ ಸಲ ಬೆಳಗ್ಗೆ ಎರಡು ನುಂಗಿ ಬಂದು ನಿಮಗೆಲ್ಲ ಸುಳ್ಳು ಹೇಳಿದ್ದೆ."

ಅವಳು ಬರೆದುಕೊಂಡಳು. ಬೆಂಚಿನವರು ತಮ್ಮ ಚಪ್ಪಲಿ ನೋಡಿಕೊಂಡರು. ನನ್ನ ಕಿವಿ ಕಾದ ಬಾಣಲೆಯಾಗಿತ್ತು. ಸತ್ತೇಹೋಗುತ್ತೇನೆ ಎಂದುಕೊಂಡೆ, ಸಾಯಲಿಲ್ಲ.

ಡಾಕ್ಟರಮ್ಮ ಬೈಯುತ್ತಾಳೆ ಎಂದುಕೊಂಡಿದ್ದೆ. ಇವತ್ತು ಕೊಡುವುದಿಲ್ಲ, ಈ ಜಾತಿ ಮಾತ್ರೆ ಹೋಗಲು ಇಡೀ ಒಂದು ದಿನದ ಮೇಲೆಯೇ ಬೇಕು, ನಾಳೆ ಬನ್ನಿ, ಹೊಟ್ಟೆ ನುಲಿತಕ್ಕೂ ನಿದ್ದೆಗೂ ಇದನ್ನು ಇಟ್ಟುಕೊಳ್ಳಿ ಎಂದಳು. ಒಬ್ಬರೇ ಇರಬೇಡಿ ಎಂದಳು. ನನಗೆ ಯಾರಿದ್ದಾರೆ? ಅಂಗಡಿಯ ಯಜಮಾನನಿಗೆ ವಿಷಯ ಹೇಳಿದೆ. ಅವನು ಏನೂ ಕೇಳದೆ ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಸಿಕೊಟ್ಟು ಪಕ್ಕದಲ್ಲೇ ಸ್ಪಂಜು ಕತ್ತರಿಸುತ್ತಾ ಕೂತ. ಮೂಗು ಸೋರಿತು, ರೋಮ ಎದ್ದು ನಿಂತವು, ಕಾಲು ತಾನಾಗಿ ಒದೆಯುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಎರಡಕ್ಕೆ ಅವನೇ ಕೈ ಹಿಡಿದು ಕರೆದುಕೊಂಡು ಹೋದ. ಕೊನೆಯ ಮಾತ್ರೆ ನುಂಗಿ ನಲವತ್ತಮೂರು ಗಂಟೆಯಾಗಿತ್ತು. ಆಕಳಿಸುತ್ತಾ, ಮೂಗು ಒರೆಸಿಕೊಳ್ಳುತ್ತಾ, ಫೋತಿನಿಯ ಮಗಳ ಮುಂದೆ ನಿಂತೆ.

ಡಾಕ್ಟರಮ್ಮ ಕಣ್ಣು ನೋಡಿ, ನಾಡಿ ನೋಡಿ, ಈಗ ಸರಿ ಎಂದಳು. ಚೂರೇ ಚೂರು ಕೊಟ್ಟು ಕಾದಳು. ಅರ್ಧ ಗಂಟೆ ನಾನು ಬೆಂಚಿನ ಅಂಚು ಬಿಗಿಯಾಗಿ ಹಿಡಿದುಕೊಂಡಿದ್ದೆ. ಏನೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಲು ಒದೆಯುವುದು ನಿಂತಿತು. ಇನ್ನೊಂದು ಚೂರು ಕೊಟ್ಟಳು. ಅಮಲಿಲ್ಲ, ಸುಖವಿಲ್ಲ, ಬರೀ ಸಮಾಧಾನ. ಹೊಟ್ಟೆ ಹಸಿಯುತ್ತಿದೆ ಎಂದೆ. ಇವತ್ತಿಗೆ ಆರನೆಯ ದಿನ, ದಿನಾ ತಗೊಳ್ಳುತ್ತಿದ್ದೇನೆ. ವರ್ಷಗಟ್ಟಲೆ ತಗೊಳ್ಳಬೇಕಾಗಬಹುದು, ತಾನಾಗಿ ನಿಲ್ಲಿಸಬೇಡಿ ಎಂದಿದ್ದಾಳೆ.

ಭಾವನಿಗೆ ಹೇಳು, ಅವರ ಮಾತು ಇಲ್ಲದಿದ್ದರೆ ನಾನು ಎದ್ದು ಹೋಗುತ್ತಿರಲಿಲ್ಲ. ಅವರ ಮೇಲೆ ಸಿಟ್ಟೂ ಇದೆ, ಅದನ್ನೂ ಹೇಳು. ಎರಡೂ ಇವೆ. ನೀನು ಅವರ ಜೊತೆ ಮಾತು ಬಿಡಬೇಡ.

ಅಮ್ಮನ ವಿಷಯಕ್ಕೆ ಈ ಹಾಳೆಯನ್ನು ಮೂರು ಸಲ ಹರಿದೆ. ಹೋಗಲಿ ಬಿಡು ಅಕ್ಕ, ಕ್ಷಮಿಸಿದ್ದೇನೆ ಎಂದು ಮೂರು ಸಲವೂ ಬರೆದೆ, ಮೂರು ಸಲವೂ ಅದು ಸುಳ್ಳಾಗಿತ್ತು. ನಾನು ಇನ್ನೂ ಕ್ಷಮಿಸಿಲ್ಲ. ನನ್ನ ಮೈಯಲ್ಲಿ ಈಗ ಇರುವುದು ಅದು.

ಸ್ಕೇವೊಸ್